ಹತ್ತು ಪದ್ಯಕ್ಕೆ ಮೂರು ಸುಂಕ

ನಮ್ಮೂರಲ್ಲಿ ಫೋನಿಗೆ ಬರುವುದು ಏನೇ ಆಗಲಿ, ಸುಂಕದ ಕಟ್ಟೆಯನ್ನು ಹಾದೇ ಬರಬೇಕು. ಹತ್ತು ಹೊರಟರೆ ಮೂರು ಕಟ್ಟೆಯಲ್ಲಿ ಉಳಿಯುತ್ತದೆ, ಏಳು ನಮಗೆ ತಲುಪುತ್ತದೆ. ದುಡ್ಡಿನಲ್ಲಿ ಅಲ್ಲ, ಕೊಂಡ ಪದಾರ್ಥದಲ್ಲೇ. ನನ್ನ ಹೆಂಡತಿ ಸಾಕಮ್ಮ ಅಡುಗೆ ಕಲಿಸುವ ಆಪಿನಲ್ಲಿ ಬಿಸಿಬೇಳೆಬಾತು ಕೊಂಡಾಗ ಬರೆದಿದ್ದ ಸಾಮಾನಿನಲ್ಲಿ ಮೂರು ಬರಲಿಲ್ಲ, ಅದರಲ್ಲಿ ಬೇಳೆಯೂ ಒಂದು. ಅವತ್ತಿನಿಂದ ನಮ್ಮ ಬೀದಿಯಲ್ಲಿ ಬೇಳೆಯಿಲ್ಲದ ಬಿಸಿಬೇಳೆಬಾತನ್ನೇ ಮಾಡುತ್ತಾರೆ, ನೆಂಟರು ಬಂದರೂ ಅದನ್ನೇ ಬಡಿಸುತ್ತಾರೆ. ಪಂಚಾಂಗದ ಆಪಿನಲ್ಲಿ ತಿಂಗಳಿಗೆ ಒಂಬತ್ತು ದಿನ ಇರುವುದಿಲ್ಲ. ಏಕಾದಶಿ ಇದುವರೆಗೆ ಒಂದು ಸಲವೂ ಬಂದಿಲ್ಲ. ಹಾಗಾಗಿ ಉಪವಾಸದ ನೇಮ ಇರುವವರು ದ್ವಾದಶಿಯ ಬೆಳಿಗ್ಗೆ ಎದ್ದು, ನಿನ್ನೆ ತಿಂದದ್ದಕ್ಕೆ ದೇವರ ಹತ್ತಿರ ತಪ್ಪೊಪ್ಪಿಕೊಂಡು ಕಾಫಿ ಕುಡಿಯುತ್ತಾರೆ.

ಕಟ್ಟೆಗೆ ರುಚಿ ಇತ್ತು. ಯಾವುದು ಸಾರವೋ ಅದನ್ನೇ ಇಟ್ಟುಕೊಳ್ಳುತ್ತಿತ್ತು. ಕೆಲವು ವ್ಯಾಪಾರಿಗಳು ಬುದ್ಧಿವಂತಿಕೆ ಮಾಡಿ, ಹೋದರೆ ಹೋಗಲಿ ಎಂದು ಮೂರು ಪಾಲು ಹೊಟ್ಟು ಸೇರಿಸಿ ಕಳಿಸಿ ನೋಡಿದರು. ಹೊಟ್ಟು ಪೂರ್ತಿಯಾಗಿ ಬಂದು ತಲುಪಿತು.

ಅದು ಯಾರದು, ಎಲ್ಲಿದೆ ಎಂದರೆ ನಾನು ಹೇಳಲಾರೆ. ಊರಿನಲ್ಲಿ ಅದರ ಗುಮಾಸ್ತ ಒಬ್ಬನಿದ್ದ, ಹೊನ್ನಪ್ಪ. ಕೆಟ್ಟವನಲ್ಲ. ಅವನ ಸಂಬಳವೂ ಫೋನಿಗೇ ಬರುತ್ತಿದ್ದುದರಿಂದ ಅದರಲ್ಲೂ ಮೂರು ಪಾಲು ಅಲ್ಲೇ ಉಳಿಯುತ್ತಿತ್ತು. ಹತ್ತು ದಿನಕ್ಕೆ ಏಳೇ ಅಂಗಿ ಇಸ್ತ್ರಿಗೆ ಹಾಕುತ್ತಿದ್ದ. ಉಳಿದ ಮೂರು ದಿನ ಸುಕ್ಕು ಅಂಗಿಯಲ್ಲಿ ಓಡಾಡುವಾಗ ನಾವು ಯಾರೂ ಅವನ ಕಡೆ ನೋಡುತ್ತಿರಲಿಲ್ಲ.

ಇಸ್ತ್ರಿ ಅಂಗಡಿ ನನ್ನದು. ಕೆಂಡದ ಪೆಟ್ಟಿಗೆಯಲ್ಲಿ ಉಜ್ಜುತ್ತೇನೆ, ನನ್ನಪ್ಪನೂ ಹಾಗೇ ಉಜ್ಜುತ್ತಿದ್ದ. ಈ ಕಸುಬಿನಲ್ಲಿ ಕೈಗೆ ಬಿಡುವಿಲ್ಲ, ಕಿವಿಗೆ ಮಾತ್ರ ದಿನವಿಡೀ ಬಿಡುವು. ಅಪ್ಪನ ಕಾಲದಲ್ಲಿ ನಮ್ಮ ಮೇಜು ಗುಡಿಯ ಜಗುಲಿಯ ಪಕ್ಕದಲ್ಲೇ ಇತ್ತು. ಜಗುಲಿಯ ಮೇಲೆ ಸಂಜೆ ಹೊತ್ತು ಗಮಕಿ ರುಕ್ಮಾಂಗದ ರಾಯರು ಊರಿನ ಹೊಳೆದಾಟಿನ ಕಾವ್ಯವನ್ನು ವಾಚನ ಮಾಡುತ್ತಿದ್ದರು. ಆಗ ಅವರಿಗೆ ಮೂವತ್ತರ ಆಸುಪಾಸು, ನನಗೆ ಆರೋ ಏಳೋ. ಆ ಕಾವ್ಯದ ಓಲೆಗಳನ್ನು ಗೆದ್ದಲು ತಿಂದು ಮೂರು ತಲೆಮಾರಾಗಿತ್ತು. ಅದು ಉಳಿದದ್ದು ರಾಯರ ಮನೆತನದ ಗಂಟಲಿನಲ್ಲಿ. ಅಪ್ಪ ಒಂದು ಮಾತು ಕಲಿಸಿದ್ದ. "ಕಾವ್ಯಾನ ಬರಿಗೈಲಿ ಕೇಳಬಾರದು ಮಗಾ. ಏನೂ ಇಲ್ದಿದ್ರೆ ಒಂದು ನಿಂಬೆಹಣ್ಣಾದರೂ ಇಡು." ನಾನು ಇಡುತ್ತಿದ್ದೆ. ಇಟ್ಟು, ಇಸ್ತ್ರಿಯಾದ ಬಟ್ಟೆಯ ಬೆಚ್ಚಗಿನ ಗಂಟಿಗೆ ಒರಗಿ ಕೇಳುತ್ತಿದ್ದೆ.

ಕಥೆ ಹೀಗೆ. ಸೋವಲೆ ಎಂಬ ಹುಡುಗಿ, ಅವಳ ತಮ್ಮ ಕೇತ. ಊರಿಗೆ ಬೆಂಕಿ ಬಿದ್ದು, ಮನೆಯ ದೀಪವೊಂದನ್ನು ಆರದಂತೆ ಹಿಡಿದುಕೊಂಡು ಇಬ್ಬರೂ ಓಡುತ್ತಾರೆ. ಹೊಳೆಯ ದಡಕ್ಕೆ ಬರುತ್ತಾರೆ. ಅಲ್ಲಿಗೆ ಬರುವಷ್ಟರಲ್ಲಿ ನನಗೆ ನಿದ್ದೆ ಬರುತ್ತಿತ್ತು. ಪ್ರತಿ ವರ್ಷವೂ ಅದೇ ಜಾಗದಲ್ಲಿ. ಎಚ್ಚರವಾಗುವ ಹೊತ್ತಿಗೆ ಅಪ್ಪನ ಹೆಗಲ ಮೇಲೆ ಇರುತ್ತಿದ್ದೆ. ಇವತ್ತಲ್ಲ ನಾಳೆ ಕೇಳಿದರಾಯಿತು ಎಂದುಕೊಂಡೆ. ಮಕ್ಕಳು ಹಾಗೆಯೇ ಅಂದುಕೊಳ್ಳುವುದು. ಅಷ್ಟರಲ್ಲಿ ಕಟ್ಟೆ ಬಂತು, ರಾಯರ ವಾಚನ ಫೋನಿಗೆ ಹೋಯಿತು, ಜಗುಲಿಯ ಮೇಲೆ ಯಾರೋ ಸ್ಕೂಟರು ನಿಲ್ಲಿಸತೊಡಗಿದರು.

ಫೋನಿನಲ್ಲಿ ಕೇಳಿದರೆ ಹತ್ತು ಪದ್ಯಕ್ಕೆ ಮೂರು ಮೌನ. ಮೊದಮೊದಲು ಫೋನು ಕೆಟ್ಟಿದೆ ಎಂದು ಜನ ಅದನ್ನು ಮಂಡಿಗೆ ಕುಟ್ಟುತ್ತಿದ್ದರು. ಆಮೇಲೆ ಮೌನ ಬಂದಾಗ ಕೈಮುಗಿಯುವ ಅಭ್ಯಾಸ ಮಾಡಿಕೊಂಡರು. ಹೊಳೆಯ ಸಂಧಿಯಲ್ಲಂತೂ ಬಹಳ ಹೊತ್ತು ಕೈಮುಗಿದುಕೊಂಡೇ ಇರಬೇಕಿತ್ತು. ದೋಣಿಯವನು ಬರುತ್ತಾನೆ, ಮೌನ. ಮತ್ತೆ ದನಿ ಬಂದಾಗ ಸೋವಲೆ ಆಚೆ ದಡದಲ್ಲಿ ನಡೆಯುತ್ತಿರುತ್ತಾಳೆ. ಕೇತನ ಹೆಸರಿಲ್ಲ. ಅಲ್ಲಿಂದ ಮುಂದೆ ಮಂಗಳದವರೆಗೂ ಅವನ ಹೆಸರೇ ಇಲ್ಲ. ಅವಳ ಹಿಂದೆ ದೀಪ ಹಿಡಿದು ನಡೆಯುವ ಒಬ್ಬ ಮೂಗ ಆಳು ಮಾತ್ರ ಇರುತ್ತಾನೆ. ಶಾಲೆಯ ನಾಟಕದಲ್ಲಿ, ಮಾತು ಬಾಯಿಪಾಠವಾಗದ ಮಕ್ಕಳಿಗೆ ಆ ಮೂಗನ ವೇಷ ಕೊಡುತ್ತಾರೆ. ನಾನೂ ಮಾಡಿದ್ದೇನೆ.

ತಮ್ಮ ಏನಾದ? ಇದೊಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಐವತ್ತು ದಾಟಿದ ಮೇಲೆ ಬೇರೆ ಯಾವ ಆಸೆಯೂ ಇಷ್ಟು ಗಟ್ಟಿಯಾಗಿರಲಿಲ್ಲ.

"ರಾಯರನ್ನೇ ಕೇಳಬಾರದಾ? ಅವರ ಶಲ್ಯ ವಾರವಾರ ನೀವೇ ಉಜ್ಜಿ ಕೊಡೋದಲ್ವಾ?" ಎಂದು ಸಾಕಮ್ಮ ಹೇಳುತ್ತಿದ್ದಳು.

ಕೇಳಿದ್ದೆ. ರಾಯರು ಆಗ ಬಹಳ ಹೊತ್ತು ಕೆಮ್ಮಿದರು. ಕಟ್ಟೆಯಲ್ಲಿ ಮಾರುವವರು, ತಮ್ಮ ಸರಕು ಇನ್ನೆಲ್ಲಾದರೂ ಪೂರ್ತಿ ಸಿಗುತ್ತದೆ ಎಂಬ ಅರ್ಥ ಬರುವ ಯಾವ ಮಾತನ್ನೂ ಆಡಬಾರದು ಎಂಬ ಕರಾರಿಗೆ ಸಹಿ ಹಾಕಿರುತ್ತಾರೆ. ಆಡಿದರೆ ಹೆಸರು ಅಳಿಸುತ್ತಾರೆ. ರಾಯರ ಮನೆಯಲ್ಲಿ ಅವರ ಅಕ್ಕ ಅಂಬುಜಮ್ಮನವರೂ ಇದ್ದರು, ಇಬ್ಬರ ಊಟವೂ ಆ ವಾಚನದಿಂದಲೇ. "ಕಾವ್ಯ ಅಂದರೆ ಏನಾಯ್ತು ಅಂತ ತಿಳಿಯೋದಲ್ಲ ಮಾಚಯ್ಯ," ಎಂದರು ರಾಯರು. "ತಿಳಿಯೋದಾದರೆ ನಾನು ಒಂದೇ ಮಾತಲ್ಲಿ ಹೇಳಿ ಮನೆಗೆ ಹೋಗಬಹುದಿತ್ತು. ಪದ್ಯದಲ್ಲಿ ಕೇಳಬೇಕು." ಕೇಳುವುದು ಎಲ್ಲಿ ಎಂದು ಅವರೂ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಎದುರು ಕಟ್ಟೆಯೊಂದು ಹುಟ್ಟಿತು. ಬೆಳಿಗ್ಗೆ ಎದ್ದು ಫೋನು ತೆರೆದರೆ ಅದು ಎಲ್ಲರನ್ನೂ ಕೇಳಿತು: ಹಳೇ ಕಟ್ಟೆಯೋ, ಹೊಸ ಕಟ್ಟೆಯೋ? ನಮ್ಮ ಜನಕ್ಕೆ ಆರಿಸಿ ಅಭ್ಯಾಸವಿರಲಿಲ್ಲ. ಕೆಲವರು ಫೋನನ್ನು ಹಾಗೇ ಹಿಡಿದುಕೊಂಡು ಗುಡಿಗೆ ಬಂದು ಪ್ರಸಾದ ಕೇಳಿದರು. ದೇವರು ಬಲಗಡೆ ಹೂ ಕೊಟ್ಟರೆ ಹೊಸದು. ಹೊಸ ಕಟ್ಟೆ ಹತ್ತಕ್ಕೆ ಎರಡೇ ತೆಗೆದುಕೊಳ್ಳುತ್ತಿತ್ತು. ಆದರೆ ತೆಗೆದ ಜಾಗವನ್ನು ಖಾಲಿ ಬಿಡುತ್ತಿರಲಿಲ್ಲ, ಕೂದಲೆಣ್ಣೆಯ ಹಾಡು ಹಾಕುತ್ತಿತ್ತು.

ಒಂದು ಪದ್ಯ ಹೆಚ್ಚಿಗೆ ಸಿಗುತ್ತದಲ್ಲ ಎಂದು ನಾನು ಹೊಸದಕ್ಕೆ ಹೋದೆ. ಹೋಗುವಾಗ ಫೋನು ನಾಲ್ಕು ಸಲ ಎಚ್ಚರಿಸಿತು. ನೀವು ಕತ್ತಲೆಗೆ ಕಾಲಿಡುತ್ತಿದ್ದೀರಿ ಎಂದಿತು. ನಿಮ್ಮ ಮನೆಯವರಿಗೆ ತಿಳಿಸಿದ್ದೀರಾ ಎಂದಿತು. ಸಾಕಮ್ಮನಿಗೆ ತಿಳಿಸಿದೆ. "ಅದಕ್ಕೇನು, ಹೋಗಿ ಬನ್ನಿ," ಎಂದಳು. ಹೊಳೆಯ ಸಂಧಿಯಲ್ಲಿ ನಿಜವಾಗಿಯೂ ಹೊಸ ಪದ್ಯ ಸಿಕ್ಕಿತು. ದೋಣಿಯವನು, ಒಂದು ಬಳೆಗೆ ಒಬ್ಬರನ್ನೇ ದಾಟಿಸುವುದು ಎನ್ನುತ್ತಾನೆ. ಸೋವಲೆಯ ಕೈಯಲ್ಲಿ ಇರುವುದು ಒಂದೇ ಬಳೆ. ಅವಳನ್ನು ದೀಪದ ಸಮೇತ ದೋಣಿಯಲ್ಲಿ ಕೂರಿಸಿ, ಕೇತ ದೋಣಿಯ ಹಗ್ಗ ಹಿಡಿದು ನೀರಿಗೆ ಇಳಿಯುತ್ತಾನೆ. ಇಳಿದ ಕೂಡಲೇ, ಬೇರಿನಿಂದ ತುದಿಯವರೆಗೂ ಕಪ್ಪು ಎಂದು ಹೆಂಗಸೊಬ್ಬಳು ಹಾಡಿದಳು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಂಡೆ. ಊರಿನ ಅರ್ಧ ಜನ ಆ ಎಣ್ಣೆಗಿಂತ ಮೌನವೇ ಮರ್ಯಾದಸ್ಥ ಎಂದು ಹಳೇ ಕಟ್ಟೆಗೆ ಮರಳಿದರು. ಉಳಿದರ್ಧ ಜನರ ಕೂದಲು ಕಪ್ಪಾಯಿತು.

ಕಾರ್ತಿಕದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ರಾಯರ ಗಂಟಲಿನಲ್ಲಿ ಗಂಟು. ಮುಂದಿನ ತಿಂಗಳ ಮೊದಲ ಶುಕ್ರವಾರ ಆಪರೇಷನ್. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಇನ್ನೊಂದು, ಮೇಲಿನ ನ್ಯಾಯಸ್ಥಾನದ ಅಪ್ಪಣೆ. ಮಾರುವವರು ತಮ್ಮ ಸರಕು ಮನೆಯಲ್ಲೂ ಸಿಗುತ್ತದೆಂದು ಇನ್ನುಮೇಲೆ ಬಾಯಿಬಿಟ್ಟು ಹೇಳಬಹುದು, ಕೊಳ್ಳುವವರು ಎಲ್ಲಿ ಬೇಕಾದರೂ ಹೇಗೆ ಬೇಕಾದರೂ ಕೊಡಬಹುದು. ರಾಯರು ಅವತ್ತೇ ಬಾಗಿಲಿಗೆ ಹಲಗೆ ಕಟ್ಟಿದರು. ಅಪ್ಪಣೆಯಲ್ಲಿ ಹಲಗೆಯ ಅಳತೆಯನ್ನೂ ಹೇಳಿದ್ದರು, ಅಂಗೈಯಗಲ. ಓದಲು ಜನ ಬಾಗಿಲಿಗೆ ಮೂಗು ತಾಗಿಸಬೇಕಿತ್ತು.

ಮೊದಲ ದಿನವೇ ಹೋದೆ. ತಟ್ಟೆಯಲ್ಲಿ ಎಲೆಯಡಿಕೆ, ನೂರೊಂದು ರೂಪಾಯಿ ಇಟ್ಟು ನಮಸ್ಕರಿಸಿ ಕೂತೆ. ನಮ್ಮ ಬೀದಿಯ ಮೇಷ್ಟ್ರೊಬ್ಬರು ಬರೆದುಕೊಳ್ಳಲು ನೋಟುಬುಕ್ಕು ತಂದಿದ್ದರು. ರಾಯರು ಹೊಳೆಯ ಸಂಧಿಗೆ ಬಂದರು. ಕೇತ ನೀರಿಗೆ ಇಳಿದ. ಆಮೇಲೆ ರಾಯರ ತುಟಿ ಆಡುತ್ತಿತ್ತು, ಗಂಟಲ ನರ ಉಬ್ಬುತ್ತಿತ್ತು, ಕೈ ಏಳುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ನಾನು ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ ಕೂತಿದ್ದೆ. ಮೇಷ್ಟ್ರ ಪೆನ್ನು ಹಾಳೆಯ ಮೇಲೆ ಓಡುತ್ತಿತ್ತು, ಶಾಯಿ ಇಳಿಯುತ್ತಿರಲಿಲ್ಲ.

ಹೊನ್ನಪ್ಪ ಮಾರನೆಯ ದಿನ ಅಂಗಿ ತೆಗೆದುಕೊಂಡು ಹೋಗಲು ಬಂದಾಗ ತಿಳಿಸಿದ. "ಹೊರಗಡೆ ಕೊಂಡರೆ ನೂರಕ್ಕೆ ಇಪ್ಪತ್ತೇಳು ಮಾಚಣ್ಣ. ಮೂರು ಉಳೀತಲ್ಲ ನಿಂಗೆ!"

"ಅಲ್ಲಪ್ಪ, ಅವರ ಮನೆ, ಅವರ ಗಂಟಲು, ನನ್ನ ಕಿವಿ. ನಡುವೆ ಕಟ್ಟೆ ಎಲ್ಲಿ ಬಂತು?"

"ನಂಗೂ ಅರ್ಥ ಆಗಿಲ್ಲ," ಎಂದ ಹೊನ್ನಪ್ಪ. ಅಂಗಿಯ ಕಾಲರನ್ನು ಬೆರಳಲ್ಲಿ ಸವರಿ ನೋಡಿದ. "ನಮಗೆ ಬಂದ ಸುತ್ತೋಲೇಲೂ ಮುಖ್ಯವಾದ ಸಾಲುಗಳಿಲ್ಲ. ಚೆನ್ನಾಗಿ ಉಜ್ಜಿದ್ದೀಯ ಕಣಯ್ಯ."

ದಾರಿ ತೋರಿಸಿದವಳು ಸಾಕಮ್ಮ. ರಾಯರ ಮನೆಗೆ ಬಟ್ಟೆ ಕೊಡಲು ಹೋಗಿದ್ದವಳು ಬಂದು ಗಂಟನ್ನು ಮೇಜಿನ ಮೇಲೆ ಹಾಕಿ, "ರಾಯರು ಬಚ್ಚಲಲ್ಲಿ ಹಾಡ್ಕೊಂಡು ಸ್ನಾನ ಮಾಡ್ತಿದ್ರು ಕಣ್ರೀ. ಸೋವಲೆ ಮದುವೆ ಪದ್ಯ. ಹನ್ನೆರಡು ಚೊಂಬು ನೀರು ಹುಯ್ಕೊಳ್ಳೋವರೆಗೂ ಅಂಬುಜಮ್ಮನ ಜೊತೆ ಮಾತಾಡ್ತಾ ನಿಂತಿದ್ದೆ, ಒಂದೂ ತಪ್ಪಲಿಲ್ಲ," ಎಂದಳು.

"ಒಂದೂ ಇಲ್ವಾ?"

"ಒಂದೂ ಇಲ್ಲ. ಬಚ್ಚಲಿಗೆ ಯಾರು ದಕ್ಷಿಣೆ ಇಡ್ತಾರೆ?"

ಪೆಟ್ಟಿಗೆಯನ್ನು ಎತ್ತುವುದನ್ನು ಮರೆತೆ. ಯಾರದೋ ಲುಂಗಿಯ ಮೇಲೆ ಇವತ್ತಿಗೂ ಆ ಗುರುತಿದೆ. ಕೊಡದಿದ್ದರೆ ತೆಗೆಯುವುದಿಲ್ಲ. ಇಷ್ಟು ವರ್ಷ ಊರಿನಲ್ಲಿ ಯಾರಿಗೂ ಇದು ಹೊಳೆಯದೆ ಇದ್ದದ್ದು ಸಹಜವೇ. ನಮ್ಮಲ್ಲಿ ಬರಿಗೈಯಲ್ಲಿ ಕಾವ್ಯ ಕೇಳಿದವರೇ ಇರಲಿಲ್ಲ.

ಬಚ್ಚಲ ಗೋಡೆಗೆ ಕಿವಿ ಕೊಡುವುದು ನನ್ನಿಂದಾಗದು. ನೇರವಾಗಿ ಹೋಗಿ ಕೇಳಿದೆ. "ರಾಯರೇ, ಏನೂ ಕೊಡದೆ ಕೇಳಬೇಕು ಅಂತಿದ್ದೀನಿ."

ಅವರು ನನ್ನ ಎರಡೂ ಕೈ ನೋಡಿದರು. "ಏನೂ ಕೊಡದೆ?"

"ಹೌದು ಸ್ವಾಮಿ."

"ನಿಮ್ಮಪ್ಪ ಇದ್ದಿದ್ದರೆ ಕೆಂಡ ಎತ್ತಿ ನಿನ್ನ ಅಂಗೈಗೆ ಹಾಕಿರೋನು," ಎಂದರು. ನಕ್ಕರು. ನಕ್ಕದ್ದು ಕೆಮ್ಮಾಯಿತು. "ಮಂಗಳವಾರ ಸಂಜೆ ಬಾ. ನಾಚಿಕೆ ಆದರೆ ಕಣ್ಣು ಮುಚ್ಚಿಕೊಂಡು ಕೂತ್ಕೋ."

ಮಂಗಳವಾರ ಮಿಂದು, ಮಡಿ ಉಟ್ಟು, ಗುಡಿಯ ಮುಂದೆ ನಿಂತು ಅಪ್ಪನಿಗೆ ಮನಸ್ಸಿನಲ್ಲೇ ತಪ್ಪಾಯಿತು ಎಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ಕೈಗಳು ಯಾರದೋ ಕೈಗಳಂತೆ ಜೋತಾಡುತ್ತಿದ್ದವು. ರಾಯರು ಚಾಪೆಯ ಮೇಲೆ ಕೂತಿದ್ದರು. ನಮಸ್ಕಾರ ಮಾಡಿ ಕೂತೆ. ಅವರು ಶುರು ಮಾಡಿದರು. ಸೋವಲೆ ದೋಣಿಯಲ್ಲಿ ಕೂತಳು, ಕೇತ ನೀರಿಗೆ ಇಳಿದ, ರಾಯರ ತುಟಿ ಆಡಿತು, ದನಿ ಇಲ್ಲ. ಅವರ ಕಣ್ಣು ನನ್ನ ಮುಂದೆ ನೆಲದ ಮೇಲೆ ನೆಟ್ಟಿತ್ತು. ನೋಡಿದೆ. ಚಾಪೆಯ ಅಂಚಿನಲ್ಲಿ ಒಂದು ನಿಂಬೆಹಣ್ಣು. ಯಾವಾಗ ಜೇಬಿಗೆ ಬಂತು, ಯಾವಾಗ ತೆಗೆದು ಇಟ್ಟೆ, ನನಗೆ ಗೊತ್ತಿಲ್ಲ. ನಲವತ್ತೈದು ವರ್ಷದ ಕೈ ಅದು, ನನ್ನನ್ನು ಕೇಳಲಿಲ್ಲ.

"ವಾಪಸ್ ತಗೋತೀನಿ ಸ್ವಾಮಿ," ಎಂದೆ.

"ಕೊಟ್ಟಾಯ್ತಲ್ಲ," ಎಂದರು ರಾಯರು. ಅವರ ದನಿ ಸವೆದಿತ್ತು. ದಿನಕ್ಕೆ ಒಂದು ಸಂಧಿ, ಅದಕ್ಕಿಂತ ಹೆಚ್ಚು ಹಾಡಬಾರದೆಂದು ಡಾಕ್ಟರು ಹೇಳಿದ್ದರು. ಅಂಬುಜಮ್ಮ ಒಳಗಿನಿಂದ ಬಂದು ನಿಂಬೆಹಣ್ಣನ್ನು ಎತ್ತಿಕೊಂಡು, "ಸಾರಿಗೆ ಆಯ್ತು," ಎಂದು ಹೋದರು.

ಬುಧವಾರ ಮತ್ತೆ ಹೋದೆ. ಈ ಸಲ ಸಾಕಮ್ಮ ನನ್ನ ಜೇಬುಗಳನ್ನು ಹೊಲಿದೇ ಕಳಿಸಿದ್ದಳು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕೇತ ನೀರಿಗೆ ಇಳಿದ. ತುಟಿ ಆಡಿತು. ದನಿ ಇಲ್ಲ. ರಾಯರು ನಿಲ್ಲಿಸಿ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರೂ ಚಾಪೆ ಎತ್ತಿ ಅದರ ಅಡಿಯಲ್ಲಿ ಹುಡುಕಿದೆವು. ಏನೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಪರೇಷನ್. ಉಳಿದದ್ದು ಗುರುವಾರ ಒಂದೇ.

ಗುರುವಾರ ಮಧ್ಯಾಹ್ನ ಹೊನ್ನಪ್ಪ ಅಂಗಡಿಗೆ ಬಂದ. ಅಂಗಿಗಾಗಿ ಬಂದಿರಲಿಲ್ಲ, ಅದು ಅವನ ಸುಕ್ಕಿನ ದಿನ. ಬೀದಿಯ ಕಡೆ ತಿರುಗಿ ನಿಂತು, ನನಗಲ್ಲ ಎಂಬಂತೆ ಮಾತಾಡಿದ. "ರಾಯರು ನಿನ್ನೆ ಹೊದ್ದಿದ್ದು ಯಾವ ಶಲ್ಯ?"

"ಕೆಂಪಂಚಿಂದು. ಯಾಕೆ?"

"ಯಾರು ಇಸ್ತ್ರಿ ಮಾಡಿದ್ದು?"

"ಇನ್ಯಾರು ಮಾಡ್ತಾರೆ? ನಾನೇ."

"ಎಷ್ಟು ತಗೊಂಡೆ?"

"ರಾಯರ ಹತ್ತಿರ ದುಡ್ಡು ತಗೊಳ್ಳೋದೆ? ಹತ್ತೊಂಬತ್ತು ವರ್ಷದಿಂದ ತಗೊಂಡಿಲ್ಲ. ಅದು ನನ್ನ ಸೇವೆ."

ಹೊನ್ನಪ್ಪ ತಲೆ ತುರಿಸಿಕೊಂಡ. "ಸೇವೆ ಅಂತ ಬರೆಯೋಕೆ ಅಲ್ಲಿ ಕಾಲಮ್ಮೇ ಇಲ್ಲ ಮಾಚಣ್ಣ. ಪಾವತಿ ಅಂತ ಇದೆ. ವಾರಕ್ಕೆ ಒಂದು ಶಲ್ಯ, ಒಂದು ಪಂಚೆ, ಎರಡಕ್ಕೂ ಸೇರಿ ಐದು ರೂಪಾಯಿ. ಒಟ್ಟು ನಾಲ್ಕು ಸಾವಿರದ ಒಂಬೈನೂರ ನಲವತ್ತು. ನಾನು ಏನೂ ಹೇಳಲಿಲ್ಲ." ಹೋಗುವಾಗ ತಿರುಗಿ ನೋಡಿ, "ನಂಗೂ ಆ ಹುಡುಗ ಏನಾದ ಅಂತ ಗೊತ್ತಿಲ್ಲ," ಎಂದ.

ನಾನು ಸಾಕಮ್ಮನ ಮುಖ ನೋಡಿದೆ. ಅವಳು ಕೆಂಡ ಕೆದಕುತ್ತಿದ್ದಳು.

"ನಾಳೆ ಗಂಟಲು ಕುಯ್ಯಿಸಿಕೊಳ್ಳೋ ಮನುಷ್ಯನ ಹತ್ತಿರ ಇಸ್ತ್ರಿ ಕಾಸು ಕೇಳೋದೇನೇ?"

"ಕೇಳದಿದ್ರೆ ಬೇಡ," ಎಂದಳು. "ಆಮೇಲೆ ಮಧ್ಯರಾತ್ರೀಲಿ ಎದ್ದು ಕೂತ್ಕೊಂಡು ತಮ್ಮ ಏನಾದ, ತಮ್ಮ ಏನಾದ ಅನ್ನಬೇಡಿ. ಮೂವತ್ತು ವರ್ಷದಿಂದ ನಂಗೂ ನಿದ್ದೆ ಇಲ್ಲ."

ಸಂಜೆ ಐದಕ್ಕೆ ರಾಯರ ಮನೆಗೆ ಹೋದೆ. ಅವರು ಆಸ್ಪತ್ರೆಗೆ ಚೀಲ ತುಂಬುತ್ತಿದ್ದರು, ಎರಡು ಪಂಚೆ, ಒಂದು ಲೋಟ. ಪಂಚೆಗಳ ಮೇಲೆ ನನ್ನ ಮಡಿಕೆ ಹಾಗೇ ಇತ್ತು. ನಾನು ಬಾಗಿಲಲ್ಲೇ ನಿಂತು ಹೇಳಿದೆ, "ರಾಯರೇ, ಇಸ್ತ್ರಿ ಬಾಕಿ ಇದೆ. ನಾಲ್ಕು ಸಾವಿರದ ಒಂಬೈನೂರ ನಲವತ್ತು."

ಅಂಬುಜಮ್ಮನವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಇವತ್ತೇ ನೆನಪಾಯ್ತೇನೋ ನಿಂಗೆ? ನಾಚಿಕೆ ಅನ್ನೋದು ಒಂದು ತೊಟ್ಟಾದರೂ ಇದೆಯೇನೋ?"

ರಾಯರು ಮಾತ್ರ ನನ್ನನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ತಮ್ಮ ಹೆಗಲ ಮೇಲಿನ ಶಲ್ಯವನ್ನು ಮುಟ್ಟಿಕೊಂಡರು, ಅದರ ಅಂಚನ್ನು ಬೆರಳಲ್ಲಿ ಸವರಿದರು. "ಓಹೋ," ಎಂದರು. "ಅಕ್ಕಾ, ಪೆಟ್ಟಿಗೆ ತಗೊಂಡು ಬಾ. ಹಲ್ಲಿನ ಸೆಟ್ಟಿಗೆ ಅಂತ ಎತ್ತಿಟ್ಟಿದ್ದೀನಲ್ಲ, ಅದು."

"ಹಲ್ಲು ಬೇಡವೇನೋ ನಿಂಗೆ?"

"ಹಲ್ಲು ಬೇಕಾಗಿದ್ದು ಅಕ್ಷರ ಸ್ಪಷ್ಟ ಬರಲಿ ಅಂತ. ಗಂಜಿಗೆ ಯಾಕೆ?" ನನ್ನ ಕಡೆ ತಿರುಗಿದರು. "ಫೋನಿಗೆ ಹಾಕಲೇನಯ್ಯ?"

"ಬೇಡ ಸ್ವಾಮಿ, ಏಳು ಪಾಲೇ ಬರುತ್ತೆ. ಮೂರು ಪಾಲು ಸೇವೆ ಆಗಿ ಉಳಿದುಬಿಡುತ್ತೆ."

ಐನೂರರ ಹತ್ತು ನೋಟು ಎಣಿಸಿ ನನ್ನ ಅಂಗೈಯಲ್ಲಿ ಇಟ್ಟರು. ಅವರ ಕೈ ತಣ್ಣಗಿತ್ತು. ಅರವತ್ತು ರೂಪಾಯಿ ಚಿಲ್ಲರೆ ಕೊಡಬೇಕು. ಸಾಕಮ್ಮ ಇವತ್ತೂ ಹೊಲಿದೇ ಕಳಿಸಿದ್ದ ಜೇಬನ್ನು ಹಲ್ಲಿನಿಂದ ಬಿಚ್ಚಿದೆ, ಒಳಗೆ ಸಿಕ್ಕಿಕೊಂಡಿದ್ದ ಬೆಳಗಿನ ಗಿರಾಕಿಯ ಕಾಸನ್ನೆಲ್ಲ ಸುರಿದೆ. ಐವತ್ತೆಂಟಿತ್ತು.

"ಎರಡು ರೂಪಾಯಿ ಇರಲಿ ಬಿಡೋ," ಎಂದರು ಅಂಬುಜಮ್ಮ. ಅವರಿಗೆ ಇನ್ನೂ ವಿಷಯ ತಿಳಿದಿರಲಿಲ್ಲ.

"ಇರಬಾರದು," ಎಂದೆವು ನಾನೂ ರಾಯರೂ ಒಟ್ಟಿಗೆ.

ಅಂಗಡಿಗೆ ಓಡಿದೆ. ನನ್ನ ವಯಸ್ಸಿನವರು ಓಡುವುದನ್ನು ನೋಡಿ ಬೀದಿಯಲ್ಲಿ ಎರಡು ಮೂರು ಜನ, ಯಾರಿಗೆ ಏನಾಯಿತು ಎಂದು ಕೇಳಿದರು. ಎರಡು ರೂಪಾಯಿ ಎಂದೆ. ಸಾಕಮ್ಮ ದೇವರ ಡಬ್ಬಿಯಿಂದ ನಾಣ್ಯ ತೆಗೆದು, ದೇವರಿಗೆ ಕೈಮುಗಿದು, ಆಮೇಲೆ ನನಗೆ ಕೊಟ್ಟಳು. ಮರಳಿ ಬಂದು ರಾಯರ ಕೈಯಲ್ಲಿಟ್ಟೆ. ಲೆಕ್ಕ ಸರಿಹೋಯಿತು. ನನ್ನ ಬಾಳಿನಲ್ಲಿ ಮೊದಲ ಸಲ, ಆ ಮನುಷ್ಯನಿಗೂ ನನಗೂ ನಡುವೆ ಏನೂ ಇರಲಿಲ್ಲ. ಹಾಗೆ ಕೂತಾಗ ಚಳಿಯಾಯಿತು.

ರಾಯರು ಲೋಟದಲ್ಲಿ ಬಿಸಿನೀರು ಕುಡಿದು ಶುರು ಮಾಡಿದರು. ದನಿ ತೀರಾ ಸಣ್ಣದಾಗಿತ್ತು, ಹಳೆಯ ಪಂಚೆಯ ನೇಯ್ಗೆಯಂತೆ. ಸೋವಲೆ ಬಳೆ ಕಳಚಿ ಕೊಟ್ಟಳು. ಕೇತ ಹಗ್ಗ ಹಿಡಿದು ನೀರಿಗೆ ಇಳಿದ. ನಾನು ರಾಯರ ತುಟಿಯನ್ನೇ ನೋಡುತ್ತಿದ್ದೆ. ತುಟಿ ಆಡಿತು. ಅದರ ಜೊತೆಗೇ ದನಿ ಬಂತು.

ಕತ್ತಲಲಿ ನಾ ಕಾಣದಿದ್ದರೆ
ಎತ್ತಿದೀ ದನಿ ಕಾಂಬುದಕ್ಕಾ
ಹೊತ್ತು ಕಳೆವುದು ದಡವು ಬರುವುದು ಬೆದರದಿರು ನೀನು

ಹೊಳೆಯ ನಡುವೆ ಹಗ್ಗ ಹಿಡಿದು ಕೇತ ಹಾಡುತ್ತಿದ್ದಾನೆ. ದೀಪದ ಬೆಳಕು ಅವನವರೆಗೆ ಮುಟ್ಟುವುದಿಲ್ಲ. ತಾನಿದ್ದೇನೆ ಎಂದು ಅಕ್ಕನಿಗೆ ತಿಳಿಯಲಿ ಎಂದು ಹಾಡುತ್ತಾನೆ. ಪದ್ಯದ ಮೇಲೆ ಪದ್ಯ. ಊರಿನಲ್ಲಿ ನಲವತ್ತು ವರ್ಷದಿಂದ ಯಾರೂ ಕೇಳದ ಪದ್ಯಗಳು, ಒಂದೊಂದೂ ಪೂರ್ತಿ. ನನ್ನ ಕಿವಿ ಅವನ್ನು ಹಾಗೇ ಎತ್ತಿಟ್ಟುಕೊಳ್ಳುತ್ತ ಹೋಯಿತು. ಹೊಳೆಯ ನಡುಮಧ್ಯಕ್ಕೆ ಬಂದರು. ಅಕ್ಕ ಎಂದು ಕೂಗಿದ.

ಅಲ್ಲಿ ದನಿ ನಿಂತಿತು.

ಮತ್ತೆ ಏನು ಬಾಕಿ? ನಾಣ್ಯ ಸರಿಯಾಗಿ ಕೊಟ್ಟೆನೇ? ಶಲ್ಯವಲ್ಲದೆ ಇನ್ನೇನಾದರೂ ಉಜ್ಜಿ ಕೊಟ್ಟಿದ್ದೆನೇ? ಅಂಬುಜಮ್ಮನವರ ಸೀರೆ? ಚಾಪೆಯ ಸುತ್ತ ಕಣ್ಣಾಡಿಸಿದೆ, ಕೈ ಬಿಚ್ಚಿ ನೋಡಿಕೊಂಡೆ, ಎರಡೂ ಬರಿದೇ ಇದ್ದವು. ಆಮೇಲೆ ರಾಯರ ಮುಖ ನೋಡಿದೆ. ಅವರ ತುಟಿ ಆಡುತ್ತಿರಲಿಲ್ಲ. ಮುಚ್ಚಿತ್ತು. ಕಣ್ಣೂ ಮುಚ್ಚಿತ್ತು. ಬಲಗೈ ಬೆರಳು ಮಾತ್ರ ತೊಡೆಯ ಮೇಲೆ ಮಾತ್ರೆ ಎಣಿಸುತ್ತಿತ್ತು. ಒಂದು ಪದ್ಯದಷ್ಟು ಹೊತ್ತು. ಎರಡು ಪದ್ಯದಷ್ಟು. ಮೂರು. ಬಾಗಿಲಲ್ಲಿ ನಿಂತಿದ್ದ ಅಂಬುಜಮ್ಮನ ಸೌಟಿನಿಂದ ಹನಿ ಬೀಳುವುದು ಕೇಳಿಸಿತು. ಈ ಮೌನವನ್ನು ಕಟ್ಟೆ ಮಾಡಿರಲಿಲ್ಲ. ಕವಿ ಮಾಡಿದ್ದ. ಸೋವಲೆ ದೋಣಿಯಲ್ಲಿ ಕೂತು ಕೇಳಿದ್ದು ಇದನ್ನೇ.

ಮತ್ತೆ ದನಿ ಬಂತು. ದೋಣಿ ದಡ ಮುಟ್ಟಿತು. ಸೋವಲೆ ಇಳಿದು ಹಗ್ಗವನ್ನು ಎಳೆದಳು. ಹಗ್ಗ ಭಾರವಾಗಿತ್ತು. ಅದರ ಕೊನೆಯಲ್ಲಿ ಅವನಿದ್ದ, ಉಸಿರಿತ್ತು, ಹಿಡಿದ ಕೈ ಬಿಟ್ಟಿರಲಿಲ್ಲ. ಬಾಯಿ ತೆರೆದ. ಅವನ ದನಿಯನ್ನು ಹೊಳೆ ಇಟ್ಟುಕೊಂಡಿತ್ತು. ಅಕ್ಕ ದೀಪವನ್ನು ಅವನ ಕೈಗೆ ಕೊಟ್ಟು ಮುಂದೆ ನಡೆದಳು. ಅವನು ಹಿಂದೆ ನಡೆದ.

"ಆ ಮೂಗ..." ಎಂದೆ.

ರಾಯರು ತಲೆಯಾಡಿಸಿದರು. ಮಂಗಳ ಹಾಡಿ ಮುಗಿಸಿದರು. ನಾನು ಎದ್ದು, ಬರಿಗೈಯಲ್ಲಿ ನಮಸ್ಕಾರ ಮಾಡಿ, ಬರಿಗೈಯಲ್ಲಿ ಮನೆಗೆ ಬಂದೆ. ಸಾಕಮ್ಮ ಬಾಗಿಲಲ್ಲೇ ಇದ್ದಳು. "ಬದುಕಿದ," ಎಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಸದ್ಯ," ಎಂದಳು.

ಅವಳಿಗೆ ಆ ರಾತ್ರಿಯೇ ಪದ್ಯದಲ್ಲಿ ಹೇಳಿದೆ. ಮೇಷ್ಟ್ರಿಗೆ ಹೇಳಿದೆ, ಶಾಯಿ ಇಳಿಯಿತು. ಹೊನ್ನಪ್ಪನಿಗೆ ಸುಕ್ಕಿನ ದಿನವೊಂದರಲ್ಲಿ ಹೇಳಿದೆ. ಅವನು ಬೀದಿಯ ಕಡೆ ತಿರುಗಿ ನಿಂತೇ ಕೇಳಿದ, ಬಹಳ ಹೊತ್ತು ಈ ಕಡೆ ತಿರುಗಲಿಲ್ಲ. ಈಗ ಸಂಜೆ ಹೊತ್ತು ಇಸ್ತ್ರಿ ಮೇಜಿನ ಸುತ್ತ ಜನ ಕೂರುತ್ತಾರೆ. ನನ್ನದು ಒರಟು ಗಂಟಲು, ಆದರೆ ಅಕ್ಷರ ತಪ್ಪುವುದಿಲ್ಲ. ಬಂದವರ ಜೇಬನ್ನು ಸಾಕಮ್ಮ ಬಾಗಿಲಲ್ಲೇ ನೋಡುತ್ತಾಳೆ. ಹೊಸಬರು ಯಾರಾದರೂ ಹಣ್ಣು ತಂದರೆ, "ದೇವರಿದ್ದಾನಲ್ಲ, ಅಲ್ಲಿ ಇಟ್ಟು ಬನ್ನಿ," ಎಂದು ಗುಡಿಗೆ ಕಳಿಸುತ್ತಾಳೆ. ಎರಡೂ ಕಟ್ಟೆಗಳು ಈಗಲೂ ಇವೆ. ಹಳೆಯದು ಈಚೆಗೆ ಹತ್ತಕ್ಕೆ ಎರಡೂವರೆಗೆ ಇಳಿದಿದೆಯಂತೆ, ಹೊಸದು ಎಣ್ಣೆಯ ಜೊತೆಗೆ ಸೋಪನ್ನೂ ಸೇರಿಸಿದೆ.

ರಾಯರ ಜೀವ ಉಳಿಯಿತು. ಪ್ರತಿ ಮಂಗಳವಾರ ಸಂಜೆ ಬರುತ್ತಾರೆ. ಬೀದಿದೀಪ ಇಲ್ಲದ ಕಡೆ ಅಂಬುಜಮ್ಮ ಮುಂದೆ, ಟಾರ್ಚು ಹಿಡಿದ ರಾಯರು ಹಿಂದೆ. ಬಂದು ಬೆಂಚಿನ ತುದಿಯಲ್ಲಿ ಕೂತು ನಾನು ಹೇಳುವುದನ್ನು ಕೇಳುತ್ತಾರೆ, ಹೊಳೆಯ ಮಧ್ಯದಲ್ಲಿ ತೊಡೆಯ ಮೇಲೆ ಬೆರಳಿನಿಂದ ಮೂರು ಪದ್ಯದ ಮಾತ್ರೆ ಎಣಿಸುತ್ತಾರೆ. ನಾನು ಆತುರಪಟ್ಟರೆ ಕಣ್ಣು ಬಿಟ್ಟು ನೋಡುತ್ತಾರೆ. ಹೋಗುವಾಗ ಶಲ್ಯ ಮತ್ತು ಪಂಚೆಯ ಗಂಟನ್ನು ತೆಗೆದುಕೊಂಡು, ಐದು ರೂಪಾಯಿಯ ನಾಣ್ಯವನ್ನು ಮೇಜಿನ ಮೇಲೆ ಇಡುತ್ತಾರೆ. ಹಲ್ಲಿಲ್ಲದ ಬಾಯಲ್ಲಿ ನಗುತ್ತಾರೆ.

ಬೇಡ ಸ್ವಾಮಿ ಎಂಬ ಮಾತು ಪ್ರತಿ ವಾರವೂ ನನ್ನ ಬಾಯಿಯವರೆಗೆ ಬರುತ್ತದೆ. ತುಟಿ ಮುಚ್ಚಿಕೊಂಡು ನಾಣ್ಯ ತೆಗೆದುಕೊಳ್ಳುತ್ತೇನೆ.